ಬ್ರ್ಯಾಂಡನ್ ಐಯುಕ್ ಅವರಿಗೆ ನಮ್ಮ ತಂಡ ದೀರ್ಘ ಒಪ್ಪಂದ ಕೊಡಬೇಕೇ?

ಪ್ರಸನ್ನ, ಸಾಂತಾ ಕ್ಲಾರಾ | 20 ಆಗಸ್ಟ್ 2024

ತನ್ನನ್ನು ಬೇರೆ ತಂಡಕ್ಕೆ ಕಳುಹಿಸಿಬಿಡಿ ಎಂದು ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್‌ನ ರಿಸೀವರ್ (ಎಸೆದ ಚೆಂಡನ್ನು ಹಿಡಿಯುವ ಆಟಗಾರ) ಬ್ರ್ಯಾಂಡನ್ ಐಯುಕ್ ಜುಲೈ ತಿಂಗಳಲ್ಲಿ ಆಡಳಿತವನ್ನು ಕೇಳಿಕೊಂಡ ಮೇಲೆ ಇಲ್ಲಿನ ನಮ್ಮ ಗೆಳೆಯರ ಮಾತೆಲ್ಲ ಅದರ ಸುತ್ತಲೇ ತಿರುಗುತ್ತಿದೆ. ಅವರು ತರಬೇತಿ ಶಿಬಿರಕ್ಕೆ ಬರುತ್ತಿದ್ದಾರೆ, ಆದರೆ ಅಭ್ಯಾಸಕ್ಕೆ ಇಳಿಯುತ್ತಿಲ್ಲ. 2020ರ ಕಾರ್ಮಿಕ ಒಪ್ಪಂದದಲ್ಲಿ ಶಿಬಿರಕ್ಕೆ ಗೈರಾಗುವವರ ದಂಡದ ನಿಯಮಗಳು ಬಿಗಿಯಾದಂದಿನಿಂದ, ಸಂಬಳದ ತಕರಾರು ಇರುವ ಆಟಗಾರರು ಮನೆಯಲ್ಲಿ ಕೂರುವ ಬದಲು ಮೈದಾನದ ಅಂಚಿಗೆ ಬಂದು ನಿಲ್ಲುವುದು ರೂಢಿಯಾಗಿದೆ. ಪಿಟ್ಸ್‌ಬರ್ಗ್ ತಂಡದ ಜೊತೆ ಮಾತುಕತೆ ನಡೆದಿದೆಯೆಂದು ದಿನಕ್ಕೊಂದು ವರದಿ ಬರುತ್ತಿದೆ. ಆದ್ದರಿಂದ ಈ ವಿಷಯವನ್ನು ಒಮ್ಮೆ ಸಾವಧಾನವಾಗಿ ಚರ್ಚಿಸೋಣವೆಂದು ಈ ಎಳೆಯನ್ನು ಆರಂಭಿಸುತ್ತಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಅವರಿಗೆ ಒಪ್ಪಂದ ಕೊಡಬೇಕು, ಅದನ್ನು ಈಗಲೇ ಕೊಡಬೇಕು. ಕಳೆದ ಋತುವಿನಲ್ಲಿ ಐಯುಕ್ ಕಡೆಗೆ ಎಸೆದ ಚೆಂಡುಗಳು 105. ಅವುಗಳಲ್ಲಿ ಅವರು ಹಿಡಿದದ್ದು 75, ಗಳಿಸಿದ್ದು 1,342 ಗಜ. ಅಂದರೆ ಅವರತ್ತ ಬಂದ ಪ್ರತಿ ಎಸೆತಕ್ಕೆ ಸುಮಾರು 12.8 ಗಜ. ಏಪ್ರಿಲ್‌ನಲ್ಲಿ ಡೆಟ್ರಾಯಿಟ್ ತಂಡದಿಂದ ನಾಲ್ಕು ವರ್ಷಕ್ಕೆ ಸುಮಾರು 12 ಕೋಟಿ ಡಾಲರ್ ಪಡೆದ ಅಮೋನ್-ರಾ ಸೇಂಟ್ ಬ್ರೌನ್ ಅದೇ ಋತುವಿನಲ್ಲಿ 164 ಎಸೆತಗಳಿಗೆ 1,515 ಗಜ ಗಳಿಸಿದ್ದರು, ಅದು ಎಸೆತಕ್ಕೆ ಒಂಬತ್ತು ಗಜದ ಆಸುಪಾಸು. ಸೇಂಟ್ ಬ್ರೌನ್ ಅವರನ್ನು ಕಡಿಮೆ ಮಾಡಿ ಹೇಳಲು ಇದನ್ನು ಎತ್ತುತ್ತಿಲ್ಲ. ಮೆಕ್ಯಾಫ್ರಿ, ಡೀಬೋ ಸ್ಯಾಮ್ಯುಯೆಲ್ ಮತ್ತು ಕಿಟಲ್ ಜೊತೆ ಚೆಂಡನ್ನು ಹಂಚಿಕೊಳ್ಳಬೇಕಾದ ತಂಡದಲ್ಲಿ, ಸಿಕ್ಕಷ್ಟೇ ಅವಕಾಶದಲ್ಲಿ ಇಷ್ಟು ದೂರ ಕ್ರಮಿಸಿದ ರಿಸೀವರ್ ಲೀಗಿನಲ್ಲಿ ಬಹಳ ಜನ ಇಲ್ಲ ಎಂಬುದಷ್ಟೇ ನನ್ನ ಮಾತು. ಅವರನ್ನು ಲೀಗಿನ ವರ್ಷದ ಶ್ರೇಷ್ಠರ ಪಟ್ಟಿಯಾದ ಆಲ್-ಪ್ರೋದ ಎರಡನೇ ತಂಡಕ್ಕೆ ಆರಿಸಿದ್ದೂ ಇದೇ ಕಾರಣಕ್ಕೆ.

ಈ ವರ್ಷ ಐದನೇ ವರ್ಷದ ಆಯ್ಕೆಯ ನಿಯಮದಂತೆ (ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಬಂದವರನ್ನು ಐದನೇ ವರ್ಷಕ್ಕೂ ಇಟ್ಟುಕೊಳ್ಳಬಹುದೆಂಬ ನಿಯಮ) ಅವರಿಗೆ ಸಿಗುವುದು 1.41 ಕೋಟಿ ಡಾಲರ್. ಅವರ ದರ್ಜೆಯ ಆಟಗಾರನಿಗೆ ಮಾರುಕಟ್ಟೆಯಲ್ಲಿ ಈಗ ಅದರ ಎರಡರಷ್ಟು ಬೆಲೆ ಇದೆ. ಇದೇ ಸಂಬಳದಲ್ಲಿ ಆಡಿಸಿ, ಮುಂದಿನ ಮಾರ್ಚ್‌ನಲ್ಲಿ ಫ್ರಾಂಚೈಸ್ ಟ್ಯಾಗ್ ಹಾಕಿ ಇನ್ನೊಂದು ವರ್ಷ ಹಿಡಿದಿಟ್ಟುಕೊಳ್ಳಲು ನಿಯಮದಲ್ಲಿ ದಾರಿ ಇದೆ. ಆದರೆ ತಾನು ಬೆಳೆಸಿದ ಆಟಗಾರನನ್ನು ಹಾಗೆ ನಡೆಸಿಕೊಳ್ಳುವ ತಂಡ ನಮ್ಮದಾಗಬಾರದು ಎಂಬುದು ನನ್ನ ಆಸೆ. ನಿಮ್ಮೆಲ್ಲರ ಅಭಿಪ್ರಾಯ ತಿಳಿಸಿ.

ಶ್ರೀಧರ ಭಟ್, ಫ್ರೀಮಾಂಟ್ | 20 ಆಗಸ್ಟ್

ಪ್ರಸನ್ನ ಅವರೇ, ನಿಮ್ಮ ಅಂಕಿಗಳ ಬಗ್ಗೆ ನನಗೆ ತಕರಾರಿಲ್ಲ. ಆ ಅಂಕಿಗಳಲ್ಲಿ ಎಷ್ಟು ಪಾಲು ಐಯುಕ್ ಅವರದು, ಎಷ್ಟು ಪಾಲು ಕೋಚ್ ಕೈಲ್ ಶಾನಹಾನ್ ಹೆಣೆದ ಆಟದ್ದು ಎಂಬುದು ನನ್ನ ಪ್ರಶ್ನೆ. ಕಳೆದ ವರ್ಷ ನಮ್ಮ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವ ಆಟಗಾರ) ಬ್ರಾಕ್ ಪರ್ಡಿ 4,280 ಗಜ ಎಸೆದು ತಂಡದ ದಾಖಲೆ ಬರೆದರು. ಆ ಎಸೆತಗಳು ಯಾರ ಕೈಗೆ ಹೋದರೂ ಸರಾಸರಿ ಚೆನ್ನಾಗಿಯೇ ಕಾಣುತ್ತಿತ್ತು. ಐಯುಕ್ ಒಳ್ಳೆಯ ಆಟಗಾರ, ಅದರಲ್ಲಿ ಅನುಮಾನವಿಲ್ಲ. ಆದರೆ ಒಳ್ಳೆಯ ಆಟಗಾರನಿಗೂ ವರ್ಷಕ್ಕೆ 3 ಕೋಟಿ ಡಾಲರ್ ಕೊಡಲೇಬೇಕಾದ ಆಟಗಾರನಿಗೂ ನಡುವೆ ಅಂತರವಿದೆ.

ಫೆಬ್ರವರಿಯ ಸೂಪರ್ ಬೌಲ್ ಅನ್ನು, ಅಂದರೆ ಲೀಗಿನ ಫೈನಲ್ ಪಂದ್ಯವನ್ನು ನೆನಪಿಸಿಕೊಳ್ಳಿ. ಹೆಚ್ಚುವರಿ ಅವಧಿಯಲ್ಲಿ ನಾವು ಕ್ಯಾನ್ಸಸ್ ಸಿಟಿಯ ಒಂಬತ್ತನೇ ಗಜದ ಗೆರೆಯಲ್ಲಿದ್ದೆವು. ಮೂರನೇ ಡೌನ್ (ನಾಲ್ಕು ಪ್ರಯತ್ನಗಳಲ್ಲಿ ಮೂರನೆಯದು), ಬೇಕಾಗಿದ್ದದ್ದು ನಾಲ್ಕು ಗಜ. ಆಗ ಎದುರಾಳಿ ಕ್ರಿಸ್ ಜೋನ್ಸ್ ಅವರನ್ನು, ಪರ್ಡಿಯನ್ನು ಕಾಯುವ ನಮ್ಮ ರಕ್ಷಣಾ ಸಾಲಿನಲ್ಲಿ ಒಬ್ಬರೂ ತಡೆಯಲಿಲ್ಲ, ಅವರು ನೇರವಾಗಿ ಪರ್ಡಿಯ ಮುಂದೆ ಬಂದು ನಿಂತರು. ಎಂಡ್ ಜೋನ್‌ನಲ್ಲಿ (ಅಂಕ ಸಿಗುವ ಕೊನೆಯ ಅಂಗಳದಲ್ಲಿ) ನಮ್ಮ ರಿಸೀವರ್ ಜಾವಾನ್ ಜೆನ್ನಿಂಗ್ಸ್ ಬಿಡುವಾಗಿದ್ದರೂ ಚೆಂಡು ಅವರನ್ನು ತಲುಪಲಿಲ್ಲ. ನಾವು ಮೂರು ಅಂಕದ ಫೀಲ್ಡ್ ಗೋಲ್‌ಗೆ ತೃಪ್ತಿಪಟ್ಟೆವು, ಅವರು ಆರು ಅಂಕದ ಟಚ್‌ಡೌನ್ ಹೊಡೆದು 25-22ರಲ್ಲಿ ಪಂದ್ಯ ಗೆದ್ದರು. ಆ ಕ್ಷಣದಲ್ಲಿ ನಮಗೆ ಕೊರತೆಯಾದದ್ದು ರಿಸೀವರ್ ಅಲ್ಲ, ಆ ರಕ್ಷಣಾ ಸಾಲಿನಲ್ಲಿ ನಿಲ್ಲುವ ಗಾರ್ಡ್. ಪಂದ್ಯ ಸೋತ ಜಾಗ ಎಲ್ಲಿದೆಯೋ ಹಣವೂ ಅಲ್ಲಿಗೆ ಹೋಗಬೇಕು ಎಂಬುದು ನನ್ನ ವಾದ.

ಇನ್ನೊಂದು ಸಂಗತಿಯೂ ಇದೆ. 2022ರಲ್ಲಿ ರಿಸೀವರ್ ಟೈರೀಕ್ ಹಿಲ್ ಅವರನ್ನು ಮಯಾಮಿಗೆ ಕೊಟ್ಟಾಗ ಕ್ಯಾನ್ಸಸ್ ಸಿಟಿಗೆ ಸಿಕ್ಕಿದ್ದು ಐದು ಡ್ರಾಫ್ಟ್ ಆಯ್ಕೆಗಳು. ಅದರಲ್ಲಿ 29ನೇ ಆಯ್ಕೆಯನ್ನು ಇನ್ನೆರಡರ ಜೊತೆ ಸೇರಿಸಿ ಅವರು 21ನೇ ಸ್ಥಾನಕ್ಕೆ ಏರಿ ಟ್ರೆಂಟ್ ಮಕ್‌ಡಫಿಯನ್ನು ಪಡೆದರು. ಅದೇ ಸೂಪರ್ ಬೌಲ್‌ನಲ್ಲಿ ನಿಗದಿತ ಅವಧಿ ಇನ್ನೆರಡು ನಿಮಿಷದಲ್ಲಿ ಮುಗಿಯುವುದಿದ್ದಾಗ, ಮೂರನೇ ಡೌನ್‌ನಲ್ಲಿ ನುಗ್ಗಿ ಬಂದು ಪರ್ಡಿಯ ಎಸೆತಕ್ಕೆ ಕೈಯಡ್ಡ ಹಾಕಿದವರು ಇದೇ ಮಕ್‌ಡಫಿ. ಹಿಲ್ ಅವರನ್ನು ಬಿಟ್ಟುಕೊಟ್ಟ ತಂಡ ಅದರ ನಂತರದ ಎರಡೂ ವರ್ಷ ಕಪ್ ಎತ್ತಿತು. ದುಬಾರಿ ರಿಸೀವರ್ ಇಲ್ಲದೆ ಗೆಲ್ಲಲಾಗದು ಎನ್ನುವವರು ಇದಕ್ಕೆ ಉತ್ತರ ಹೇಳಬೇಕು.

ಹೇಮಾವತಿ, ರೋಸ್‌ವಿಲ್ | 21 ಆಗಸ್ಟ್

ಭಟ್ಟರೇ, ಕ್ಯಾನ್ಸಸ್ ಸಿಟಿಯಲ್ಲಿ ಪ್ಯಾಟ್ರಿಕ್ ಮಹೋಮ್ಸ್ ಇದ್ದಾರೆ, ಟ್ರಾವಿಸ್ ಕೆಲ್ಸಿ ಇದ್ದಾರೆ. ಅಂಥ ಕ್ವಾರ್ಟರ್‌ಬ್ಯಾಕ್ ಇರುವ ತಂಡ ಮಾಡಿದ್ದನ್ನು ಉಳಿದವರೂ ಮಾಡಬಹುದೆಂದುಕೊಂಡು ಕೈಸುಟ್ಟುಕೊಂಡವರ ಉದಾಹರಣೆ ಬೇಕಿದ್ದರೆ ಟೆನ್ನೆಸಿಯನ್ನು ನೋಡಿ. ಅದೇ 2022ರಲ್ಲಿ ಅವರು ಎ. ಜೆ. ಬ್ರೌನ್ ಅವರಿಗೆ ಹಣ ಕೊಡಲು ಹಿಂದೆಮುಂದೆ ನೋಡಿ ಫಿಲಡೆಲ್ಫಿಯಾಗೆ ಕೊಟ್ಟರು. ಬಂದ 18ನೇ ಆಯ್ಕೆಯಲ್ಲಿ ಟ್ರೆಲನ್ ಬರ್ಕ್ಸ್ ಎಂಬ ಹೊಸ ರಿಸೀವರನ್ನು ತೆಗೆದುಕೊಂಡರು. ಬ್ರೌನ್ ಮೊದಲ ವರ್ಷವೇ 1,496 ಗಜ ಗಳಿಸಿದರು, ಬರ್ಕ್ಸ್ 444. ಡಿಸೆಂಬರ್‌ನಲ್ಲಿ ಎರಡೂ ತಂಡಗಳು ಎದುರಾದಾಗ ಬ್ರೌನ್ ಹಳೆಯ ತಂಡದ ವಿರುದ್ಧ ಎರಡು ಟಚ್‌ಡೌನ್ ಹೊಡೆದರು. ಆ ಪಂದ್ಯ ಮುಗಿದು ವಾರ ತುಂಬುವ ಮೊದಲೇ ಟೆನ್ನೆಸಿಯ ಜನರಲ್ ಮ್ಯಾನೇಜರ್ ಕೆಲಸ ಕಳೆದುಕೊಂಡರು.

ನಮ್ಮದೇ ತಂಡದ ಇತಿಹಾಸ ಇನ್ನೂ ಹತ್ತಿರದ ಪಾಠ. 2020ರಲ್ಲಿ ಡಿಫಾರೆಸ್ಟ್ ಬಕ್ನರ್ ಅವರಿಗೆ ದೊಡ್ಡ ಸಂಬಳ ಕೊಡಲಾಗದೆಂದು ಇಂಡಿಯಾನಾಪೊಲಿಸ್‌ಗೆ ಕಳುಹಿಸಿ 13ನೇ ಆಯ್ಕೆ ಪಡೆದೆವು. ಒಂದು ಸ್ಥಾನ ಕೆಳಗಿಳಿದು 14ರಲ್ಲಿ ಜಾವಾನ್ ಕಿನ್‌ಲಾ ಅವರನ್ನು ತಂದೆವು. ನಾವು ಬಿಟ್ಟುಕೊಟ್ಟ 13ರಲ್ಲಿ ಟ್ಯಾಂಪಾ ಬೇ ಆರಿಸಿದ್ದು ಟ್ರಿಸ್ಟನ್ ವರ್ಫ್ಸ್ ಅವರನ್ನು. ಬಕ್ನರ್ ಇಂದಿಗೂ ಮೊದಲ ದರ್ಜೆಯ ಆಟಗಾರ, ಕಿನ್‌ಲಾ ಈಗ ನಮ್ಮ ತಂಡದಲ್ಲೇ ಇಲ್ಲ. ಡ್ರಾಫ್ಟ್ ಆಯ್ಕೆ ಎಂಬುದು ಕಾಗದದ ಮೇಲೆ ಯಾವಾಗಲೂ ಸುಂದರವಾಗಿಯೇ ಕಾಣುತ್ತದೆ. ಅದಕ್ಕಾಗಿ ಕಣ್ಣೆದುರು ಆಡಿ ತೋರಿಸಿದವರನ್ನು ಬಿಟ್ಟುಕೊಡುವಾಗ ಹತ್ತು ಸಲ ಯೋಚಿಸಬೇಕು.

ನಾನಿರುವ ಊರಿನ ಪಕ್ಕದ ರಾಕ್‌ಲಿನ್‌ನಲ್ಲಿ ಸಿಯೆರ್ರಾ ಕಾಲೇಜಿದೆ. ಐಯುಕ್ ಅರಿಜೋನಾ ಸ್ಟೇಟ್ ಸೇರುವ ಮೊದಲು ಆಡಿದ್ದು ಆ ಎರಡು ವರ್ಷದ ಕಾಲೇಜಿನಲ್ಲಿ. ಈ ಕಡೆಯವರಿಗೆ ಅವರ ಬಗ್ಗೆ ಇರುವ ಅಭಿಮಾನ ಬೇರೆಯೇ ತೂಕದ್ದು. ಅದು ಒಪ್ಪಂದಕ್ಕೆ ಕಾರಣವಾಗಬೇಕೆಂದು ಹೇಳುತ್ತಿಲ್ಲ. ಆದರೆ ಅವರು ಹಂತಹಂತವಾಗಿ ಮೇಲೇರಿದ್ದನ್ನು ನಾವು ನೋಡಿದ್ದೇವೆ. 748, 826, 1,015, 1,342. ನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಕೆಳಗಿಳಿಯದ ಈ ಗಜಗಳ ಲೆಕ್ಕವನ್ನು ಆಟದ ಹೆಣಿಗೆಯೊಂದರಿಂದಲೇ ವಿವರಿಸಲಾಗದು. ಅವರಿಗೆ ಈಗ 26 ವರ್ಷ.

ಶ್ರೀಧರ ಭಟ್, ಫ್ರೀಮಾಂಟ್ | 21 ಆಗಸ್ಟ್

ಬಕ್ನರ್ ಪ್ರಸಂಗದ ಇನ್ನರ್ಧವನ್ನೂ ಹೇಳಬೇಕಲ್ಲವೇ, ಹೇಮಾ ಮೇಡಂ? 13ರಿಂದ 14ಕ್ಕೆ ಇಳಿದಾಗ ಟ್ಯಾಂಪಾ ಬೇ ನಮಗೆ 117ನೇ ಆಯ್ಕೆಯನ್ನು ಕೊಟ್ಟಿತು. ಆ 117ನ್ನು ನಮ್ಮ 31 ಮತ್ತು 176ರ ಜೊತೆ ಮಿನ್ನೆಸೋಟಾಗೆ ಕೊಟ್ಟು ನಾವು 25ನೇ ಸ್ಥಾನಕ್ಕೆ ಏರಿದೆವು. ಆ 25ರಲ್ಲಿ ಬಂದವರೇ ಐಯುಕ್. ನೀವು ಕಳೆದುಕೊಂಡೆವೆಂದು ಮರುಗುವ ವ್ಯವಹಾರದಿಂದಲೇ ನೀವು ಉಳಿಸಿಕೊಳ್ಳಬೇಕೆನ್ನುವ ಆಟಗಾರ ನಮಗೆ ದಕ್ಕಿದ್ದು.

ಈ ವರ್ಷದ ಡ್ರಾಫ್ಟ್‌ನಲ್ಲಿ ತಂಡ 31ನೇ ಆಯ್ಕೆಯಲ್ಲಿ ರಿಕಿ ಪಿಯರ್ಸಲ್ ಅವರನ್ನೂ ನಾಲ್ಕನೇ ಸುತ್ತಿನಲ್ಲಿ ಜೇಕಬ್ ಕೌವಿಂಗ್ ಅವರನ್ನೂ ತಂದದ್ದು ಯಾತಕ್ಕೆ? ಜೆನ್ನಿಂಗ್ಸ್ ಅವರಿಗೆ ಹೊಸ ಒಪ್ಪಂದ ಕೊಟ್ಟದ್ದು ಯಾತಕ್ಕೆ? ಆಡಳಿತ ಬಾಗಿಲು ತೆರೆದಿಟ್ಟುಕೊಂಡಿದೆ ಎಂದೇ ನನಗನ್ನಿಸುತ್ತದೆ.

ಲೆಕ್ಕಿಗ | 22 ಆಗಸ್ಟ್

ಚರ್ಚೆಯಲ್ಲಿ 3 ಕೋಟಿ ಎಂಬ ಸಂಖ್ಯೆ ಪದೇಪದೇ ಬರುತ್ತಿರುವುದರಿಂದ ಅದನ್ನು ಸ್ವಲ್ಪ ಬಿಡಿಸಿ ನೋಡುವುದು ಅಗತ್ಯ. ಲೀಗ್ ಪ್ರತಿ ತಂಡಕ್ಕೂ ವರ್ಷಕ್ಕಿಷ್ಟೇ ಎಂದು ವೇತನದ ಮಿತಿ ಹಾಕುತ್ತದೆ, ಅದನ್ನೇ ಸ್ಯಾಲರಿ ಕ್ಯಾಪ್ ಎನ್ನುವುದು. 2022ರಲ್ಲಿ ಆ ಮಿತಿ 20.82 ಕೋಟಿ ಡಾಲರ್ ಇತ್ತು. ಈ ವರ್ಷ 25.54 ಕೋಟಿ. 2022ರಲ್ಲಿ ಟೈರೀಕ್ ಹಿಲ್ ಅವರ ವರ್ಷಕ್ಕೆ 3 ಕೋಟಿಯ ಒಪ್ಪಂದ ಮಿತಿಯ ಶೇಕಡಾ 14ಕ್ಕೂ ಹೆಚ್ಚಿತ್ತು. ಇಂದಿನ 3 ಕೋಟಿ ಶೇಕಡಾ 12ಕ್ಕಿಂತ ಸ್ವಲ್ಪ ಕಡಿಮೆ. ಅಂದರೆ ಐಯುಕ್ ಇಂದು ಕೇಳುವ 3 ಕೋಟಿಯ ತೂಕ 2022ರಲ್ಲಿ ಎರಡೂವರೆ ಕೋಟಿಗಿಂತಲೂ ತುಸು ಕಡಿಮೆ ಇರುತ್ತಿತ್ತು. ಮಿತಿ ಮುಂದೆಯೂ ಏರುತ್ತಲೇ ಹೋಗುವ ಲಕ್ಷಣವಿದೆ, ಆದ್ದರಿಂದ ಒಪ್ಪಂದದ ಮೂರನೇ, ನಾಲ್ಕನೇ ವರ್ಷಕ್ಕೆ ಬರುವಾಗ ಇದೇ ಮೊತ್ತ ಇನ್ನೂ ಹಗುರಾಗುತ್ತದೆ.

ಎರಡನೆಯದಾಗಿ, ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಬರುವ ಒಟ್ಟು ಮೊತ್ತವನ್ನು ನೋಡಿ ಗಾಬರಿಯಾಗಬೇಕಿಲ್ಲ. ಖಾತರಿಪಡಿಸಿದ ಹಣ ಎಷ್ಟು, ಅದು ಯಾವ ವರ್ಷಗಳಲ್ಲಿ ಹಂಚಿಕೆಯಾಗಿದೆ ಎಂಬುದೇ ನಿಜವಾದ ಒಪ್ಪಂದ. ಸಹಿ ಹಾಕುವಾಗ ಕೊಡುವ ಬೋನಸ್ ಅನ್ನು ಐದು ವರ್ಷಗಳವರೆಗೆ ಸಮನಾಗಿ ಹಂಚಿ ಮಿತಿಯ ಲೆಕ್ಕಕ್ಕೆ ಸೇರಿಸಬಹುದು. ಉದಾಹರಣೆಗೆ 2.5 ಕೋಟಿ ಬೋನಸ್ ಕೊಟ್ಟರೆ ಆಟಗಾರನಿಗೆ ಹಣ ಕೂಡಲೇ ಸಿಗುತ್ತದೆ, ತಂಡದ ಲೆಕ್ಕದಲ್ಲಿ ಮಾತ್ರ ವರ್ಷಕ್ಕೆ 50 ಲಕ್ಷ ಬೀಳುತ್ತದೆ. ಹೀಗೆ ಮಾಡಿದರೆ ಮೊದಲ ವರ್ಷದ ಹೊರೆ ಈಗಿನ 1.41 ಕೋಟಿಗಿಂತಲೂ ಕಡಿಮೆಯಾಗುವ ಸಾಧ್ಯತೆಯಿದೆ. ಇದಕ್ಕೊಂದು ಬೆಲೆಯೂ ಇದೆ. ನಡುವೆ ಆಟಗಾರನನ್ನು ಕೈಬಿಟ್ಟರೆ ಇನ್ನೂ ಲೆಕ್ಕಕ್ಕೆ ಬಾರದ ಬೋನಸ್ ಮೊತ್ತ ಒಟ್ಟಿಗೇ ತಲೆಯ ಮೇಲೆ ಬೀಳುತ್ತದೆ. ಆದ್ದರಿಂದ ಮೊದಲ ಎರಡು ವರ್ಷ ತಂಡಕ್ಕೆ ಹಿಂದೆ ಸರಿಯುವ ದಾರಿ ಇರುವುದಿಲ್ಲ ಎಂದೇ ತಿಳಿಯಬೇಕು.

ಮೂರನೆಯ ಅಂಶವನ್ನು ಇಲ್ಲಿ ಯಾರೂ ಎತ್ತಿಲ್ಲ. ಪರ್ಡಿ 2022ರ ಡ್ರಾಫ್ಟ್‌ನ ಕಟ್ಟಕಡೆಯ, 262ನೇ ಆಯ್ಕೆ. ಹಾಗಾಗಿ ಈ ವರ್ಷ ಅವರ ಸಂಬಳ 9.85 ಲಕ್ಷ ಡಾಲರ್ ಮಾತ್ರ. ಮೂರು ಋತು ಪೂರೈಸುವವರೆಗೆ ಅವರ ಒಪ್ಪಂದವನ್ನು ಬದಲಿಸಲು ನಿಯಮವೇ ಬಿಡುವುದಿಲ್ಲ. ಈ ಬೇಸಿಗೆಯಲ್ಲಿ ಬೇರೆ ತಂಡಗಳ ಕ್ವಾರ್ಟರ್‌ಬ್ಯಾಕ್‌ಗಳಾದ ಟ್ರೆವರ್ ಲಾರೆನ್ಸ್ ಮತ್ತು ಜೋರ್ಡನ್ ಲವ್ ಇಬ್ಬರಿಗೂ ವರ್ಷಕ್ಕೆ ಸರಾಸರಿ 5.5 ಕೋಟಿ ಸಿಕ್ಕಿದೆ. ಮುಂದಿನ ವರ್ಷ ಪರ್ಡಿ ಅದೇ ಸಾಲಿಗೆ ಸೇರುತ್ತಾರೆ. ಐಯುಕ್ ಒಪ್ಪಂದವನ್ನು ಪರ್ಡಿ ಒಪ್ಪಂದದಿಂದ ಬೇರ್ಪಡಿಸಿ ನೋಡಲಾಗದು.

ಚೇತನ್, ಮೈಸೂರು | 23 ಆಗಸ್ಟ್

ಸೋಮವಾರ ಬೆಳಗಿನ ಐದು ಗಂಟೆಗೆ ಎದ್ದು ಸೂಪರ್ ಬೌಲ್ ನೋಡಿದವನು ನಾನು, ಆದ್ದರಿಂದ ದೂರದಲ್ಲಿದ್ದರೂ ಒಂದು ಮಾತು ಹೇಳುತ್ತೇನೆ. ಇಲ್ಲಿನ ನಮ್ಮ ಆರ್‌ಸಿಬಿ ಅಭಿಮಾನಿಗಳಿಗೆ ಈ ಸಂಕಟ ಹೊಸದಲ್ಲ. 2022ರ ಹರಾಜಿಗೆ ಮುನ್ನ ಯಜುವೇಂದ್ರ ಚಾಹಲ್ ಅವರನ್ನು ಉಳಿಸಿಕೊಳ್ಳದೆ ಬಿಟ್ಟರು. ಅವರು ರಾಜಸ್ಥಾನಕ್ಕೆ ಹೋಗಿ ಅದೇ ವರ್ಷ 27 ವಿಕೆಟ್ ಪಡೆದು ಪರ್ಪಲ್ ಕ್ಯಾಪ್ ಧರಿಸಿದರು. ಚಿನ್ನಸ್ವಾಮಿಯಂಥ ಸಣ್ಣ ಮೈದಾನದಲ್ಲಿ ಬೌಲ್ ಮಾಡಿ ಪಳಗಿದವರನ್ನು ಬಿಟ್ಟುಕೊಟ್ಟ ನೋವು ಇಲ್ಲಿ ಇನ್ನೂ ಆರಿಲ್ಲ. ಒಂದು ವ್ಯವಸ್ಥೆಗೆ ಒಗ್ಗಿಹೋದ ಆಟಗಾರನಿಗೆ ಹರಾಜಿನ ಬೆಲೆಗಿಂತ ಹೆಚ್ಚಿನ ಬೆಲೆ ಇರುತ್ತದೆ.

ಶ್ರೀಧರ ಭಟ್, ಫ್ರೀಮಾಂಟ್ | 23 ಆಗಸ್ಟ್

ಚೇತನ್, ಆ ಹರಾಜಿನಲ್ಲಿ ಆರ್‌ಸಿಬಿ ತಂದ ಹಸರಂಗ ಅದೇ ವರ್ಷ 26 ವಿಕೆಟ್ ಪಡೆದರು, ಚಾಹಲ್‌ಗಿಂತ ಒಂದೇ ಒಂದು ಕಡಿಮೆ. ಆದರೆ ಅವರಿಗೆ ಕೊಟ್ಟದ್ದು 10.75 ಕೋಟಿ ರೂಪಾಯಿ, ಚಾಹಲ್ ರಾಜಸ್ಥಾನಕ್ಕೆ ಹೋದದ್ದು 6.5 ಕೋಟಿಗೆ. ಅಲ್ಲಿ ಉಳಿತಾಯವೇ ಆಗಲಿಲ್ಲ ಎಂಬುದು ನಿಜವಾದ ತಪ್ಪು. ಐಯುಕ್ ಜಾಗಕ್ಕೆ ನಾವು ಈಗಾಗಲೇ ಕಡಿಮೆ ಸಂಬಳದ ಪಿಯರ್ಸಲ್ ಅವರನ್ನು ತಂದಾಗಿದೆ. ಇಲ್ಲಿ ಉಳಿತಾಯ ಕಣ್ಣಿಗೆ ಕಾಣುವಂತಿದೆ.

ಪ್ರಸನ್ನ, ಸಾಂತಾ ಕ್ಲಾರಾ | 24 ಆಗಸ್ಟ್

ಪಿಯರ್ಸಲ್ ಇನ್ನೂ ಒಂದು ಪಂದ್ಯವನ್ನೂ ಆಡಿಲ್ಲ, ಭಟ್ಟರೇ. ಅವರು ಚೆನ್ನಾಗಿ ಬೆಳೆಯಲಿ ಎಂದೇ ಹಾರೈಸುತ್ತೇನೆ, ಆದರೆ ಈ ವರ್ಷವೇ ಅವರು ಐಯುಕ್ ಆಗುತ್ತಾರೆಂದು ನಂಬಿ ತಂಡ ಕಟ್ಟುವುದು ಸಾಹಸ. ಶಾನಹಾನ್ ಅವರ ಆಟದಲ್ಲಿ ಹೊಸ ರಿಸೀವರ್ ಪಳಗಲು ಎಷ್ಟು ಸಮಯ ಬೇಕೆಂಬುದಕ್ಕೆ ಐಯುಕ್ ಅವರೇ ಸಾಕ್ಷಿ. 2021ರ ಋತುವಿನ ಆರಂಭದ ವಾರಗಳಲ್ಲಿ ಕೋಚ್ ಅವರಿಗೆ ಮೆಚ್ಚುಗೆಯಾಗದೆ ಅವರಿಗೆ ಅವಕಾಶವೇ ಕಡಿಮೆಯಾಗಿತ್ತು. ಓಟದ ಆಟದಲ್ಲಿ ಎದುರಾಳಿಯನ್ನು ತಡೆಯುವುದು, ಓಡುವ ಹಾದಿಯಲ್ಲಿ ಒಂದು ಹೆಜ್ಜೆಯೂ ತಪ್ಪದೆ ತಿರುಗುವುದು, ಚೆಂಡು ತನಗೆ ಬಾರದ ಆಟದಲ್ಲೂ ಅಷ್ಟೇ ಶ್ರದ್ಧೆಯಿಂದ ಓಡುವುದು, ಇವೆಲ್ಲ ಕೂಡಿ ಬಂದ ಮೇಲಷ್ಟೇ ಅವರು ಮೊದಲ ಆಯ್ಕೆಯ ರಿಸೀವರ್ ಆದರು. ನೀವು ಹೇಳುವ ‘ಹೆಣೆದ ಆಟ’ದಲ್ಲಿ ಆ ಹೆಣಿಗೆಯ ಒಂದು ಎಳೆ ಅವರೇ ಆಗಿದ್ದಾರೆ.

ಸೂಪರ್ ಬೌಲ್ ಮಾತಾಡಿದಿರಿ. ಅದಕ್ಕೆ ಎರಡು ವಾರ ಮೊದಲಿನ ಡೆಟ್ರಾಯಿಟ್ ಪಂದ್ಯವನ್ನು ನಾನು ನೆನಪಿಸುತ್ತೇನೆ. ಅರ್ಧ ಆಟ ಮುಗಿದಾಗ ನಾವು 24-7ರಲ್ಲಿ ಹಿಂದಿದ್ದೆವು. ಮೂರನೇ ಕ್ವಾರ್ಟರ್‌ನಲ್ಲಿ ಪರ್ಡಿ ಎಸೆದ ಉದ್ದನೆಯ ಚೆಂಡು ರಕ್ಷಕ ಕಿಂಡಲ್ ವಿಲ್ಡರ್ ಅವರ ಕೈ ತಪ್ಪಿ ಹೆಲ್ಮೆಟ್‌ನ ಮುಂಭಾಗಕ್ಕೆ ಬಡಿದು ಮೇಲಕ್ಕೆ ಚಿಮ್ಮಿತು. ಅಲ್ಲಿಗೆ ಆ ಆಟ ಮುಗಿಯಿತೆಂದೇ ನಾವೆಲ್ಲ ಅಂದುಕೊಂಡೆವು. ಐಯುಕ್ ಮಾತ್ರ ಚೆಂಡಿನ ಮೇಲಿನ ಕಣ್ಣು ತೆಗೆದಿರಲಿಲ್ಲ. ಮುಂದಕ್ಕೆ ಹಾರಿ, ಅದು ಹುಲ್ಲು ಮುಟ್ಟುವ ಮೊದಲೇ ಎರಡೂ ಕೈಗಳಲ್ಲಿ ಹಿಡಿದರು. 51 ಗಜ. ಸ್ವಲ್ಪ ಹೊತ್ತಿಗೆ ಟಚ್‌ಡೌನ್ ಕೂಡ ಅವರದೇ. ಆ ಪಂದ್ಯವನ್ನು ನಾವು 34-31ರಲ್ಲಿ ಗೆದ್ದೆವು. ಅದು ಅದೃಷ್ಟ ಎನ್ನುವವರಿದ್ದಾರೆ. ಚೆಂಡು ಚಿಮ್ಮಿದ್ದು ಅದೃಷ್ಟವಿರಬಹುದು, ಅದು ಬೀಳುವ ಜಾಗದಲ್ಲಿ ಅವರು ಇದ್ದದ್ದು ಅದೃಷ್ಟವಲ್ಲ. ಆ ಹಿಡಿತ ಇಲ್ಲದಿದ್ದರೆ ನೀವು ಹೇಳಿದ ಗಾರ್ಡ್‌ನ ಕೊರತೆಯನ್ನು ಸೂಪರ್ ಬೌಲ್‌ನಲ್ಲಿ ನೋಡುವ ಅವಕಾಶವೇ ನಮಗೆ ಸಿಗುತ್ತಿರಲಿಲ್ಲ.

ಲೆಕ್ಕಿಗ | 27 ಆಗಸ್ಟ್

ನಿನ್ನೆ ಡಲ್ಲಸ್ ತಂಡ ಸೀಡೀ ಲ್ಯಾಂಬ್ ಅವರ ಜೊತೆ ನಾಲ್ಕು ವರ್ಷಕ್ಕೆ 13.6 ಕೋಟಿಯ ಒಪ್ಪಂದ ಮಾಡಿಕೊಂಡಿದೆ, ಅದರಲ್ಲಿ 10 ಕೋಟಿ ಖಾತರಿ. ಜೂನ್‌ನಲ್ಲಿ ಮಿನ್ನೆಸೋಟಾ ಜಸ್ಟಿನ್ ಜೆಫರ್ಸನ್ ಅವರಿಗೆ 14 ಕೋಟಿ ಕೊಟ್ಟಿತ್ತು. 2020ರ ಡ್ರಾಫ್ಟ್‌ನಲ್ಲಿ ಲ್ಯಾಂಬ್ 17ನೆಯವರು, ಜೆಫರ್ಸನ್ 22ನೆಯವರು, ಐಯುಕ್ 25ನೆಯವರು. ಒಂದೇ ಪಂಕ್ತಿಯಲ್ಲಿ ಬಂದ ಮೂವರಲ್ಲಿ ಇಬ್ಬರ ಬೆಲೆ ನಿಶ್ಚಯವಾಗಿದೆ. ಐಯುಕ್ ಅವರಿಬ್ಬರಷ್ಟು ಕೇಳಲಾರರು, ಸೇಂಟ್ ಬ್ರೌನ್ ಅವರಿಗಿಂತ ಬಹಳ ಕಡಿಮೆಗೂ ಒಪ್ಪಲಾರರು. ಮಾತುಕತೆಯ ಅಂತರ ಈಗ ಕಿರಿದಾಗಿದೆ ಎಂಬುದು ನನ್ನ ಅಂದಾಜು. ತಡಮಾಡಿದಷ್ಟೂ ಬೆಲೆ ಏರುವುದನ್ನು ನಾವು ಕಳೆದ ವರ್ಷ ನಿಕ್ ಬೋಸಾ ವಿಷಯದಲ್ಲಿ ನೋಡಿದ್ದೇವೆ. ಅವರು ಶಿಬಿರಕ್ಕೇ ಬಾರದೆ ಕೊನೆಗೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಐದು ವರ್ಷಕ್ಕೆ 17 ಕೋಟಿಗೆ ಸಹಿ ಹಾಕಿದ್ದರು.

ಹೇಮಾವತಿ, ರೋಸ್‌ವಿಲ್ | 30 ಆಗಸ್ಟ್

ನಿನ್ನೆ ಸಂಜೆಯ ಸುದ್ದಿಯನ್ನು ಎಲ್ಲರೂ ನೋಡಿರುತ್ತೀರಿ. ಐಯುಕ್ ಅವರಿಗೆ ನಮ್ಮ ತಂಡದಿಂದಲೇ ನಾಲ್ಕು ವರ್ಷ, 12 ಕೋಟಿ, ಅದರಲ್ಲಿ 7.6 ಕೋಟಿ ಖಾತರಿ. ಲೆಕ್ಕಿಗರ ಅಂದಾಜು ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ನನಗೆ ತುಂಬಾ ಸಂತೋಷವಾಗಿದೆ. ನಮ್ಮ ಮನೆಯಲ್ಲಿ ಇಂದು ಇದೇ ಮಾತು.

ಶ್ರೀಧರ ಭಟ್, ಫ್ರೀಮಾಂಟ್ | 30 ಆಗಸ್ಟ್

ಅಭಿನಂದನೆಗಳು, ಹೇಮಾ ಮೇಡಂ. ಐಯುಕ್ ಅವರ ಪ್ರತಿ ಹಿಡಿತಕ್ಕೂ ನಾನೂ ನಿಮ್ಮಷ್ಟೇ ಜೋರಾಗಿ ಚಪ್ಪಾಳೆ ತಟ್ಟುತ್ತೇನೆ. ಆದರೆ ನನ್ನ ಪ್ರಶ್ನೆ ಹಾಗೆಯೇ ಉಳಿದಿದೆ. ರಕ್ಷಣಾ ಸಾಲಿಗೆ ಹಣ ಎಲ್ಲಿಂದ ಬರುತ್ತದೆ? ಆ ಸಾಲಿನ ಟ್ರೆಂಟ್ ವಿಲಿಯಮ್ಸ್ ಕೂಡ ಸಂಬಳದ ವಿಷಯದಲ್ಲಿ ತಕರಾರು ಹೂಡಿ ಇನ್ನೂ ಹೊರಗೇ ಇದ್ದಾರೆ. ಎಡ ಬದಿಯಲ್ಲಿ ಅವರಿಲ್ಲದೆ ಪರ್ಡಿಗೆ ಎಸೆಯಲು ಸಮಯವೇ ಸಿಗದಿದ್ದರೆ, 12 ಕೋಟಿಯ ರಿಸೀವರ್ ಎಷ್ಟೇ ಬಿಡುವಾಗಿ ನಿಂತಿದ್ದರೂ ಪ್ರಯೋಜನವಿಲ್ಲ.

ಲೆಕ್ಕಿಗ | 30 ಆಗಸ್ಟ್

ಭಟ್ಟರ ಪ್ರಶ್ನೆ ನ್ಯಾಯವಾದದ್ದು. ಈ ವರ್ಷದ ಮಟ್ಟಿಗೆ ಹಣಕ್ಕೆ ತೊಂದರೆ ಇಲ್ಲ, ಏಕೆಂದರೆ ಪರ್ಡಿ ಸಂಬಳ ಇನ್ನೂ ಹತ್ತು ಲಕ್ಷದೊಳಗೇ ಇದೆ. ವಿಲಿಯಮ್ಸ್ ಅವರ ವಿಷಯವೂ ಮೊದಲ ಪಂದ್ಯದೊಳಗೆ ಬಗೆಹರಿಯಬಹುದು ಎಂದು ನನ್ನ ನಿರೀಕ್ಷೆ. ಇಕ್ಕಟ್ಟು ಶುರುವಾಗುವುದು ಮುಂದಿನ ಮಾರ್ಚ್‌ನಲ್ಲಿ. ಪರ್ಡಿ ಒಪ್ಪಂದ ಬರುತ್ತದೆ, ಐಯುಕ್ ಒಪ್ಪಂದದ ಖಾತರಿ ವರ್ಷಗಳು ನಡೆಯುತ್ತಿರುತ್ತವೆ, ಡೀಬೋ ಅವರ ಈಗಿನ ಒಪ್ಪಂದದಲ್ಲಿ 2025 ಕೊನೆಯ ವರ್ಷ. ಮೂರನ್ನೂ ಒಂದೇ ಮಿತಿಯೊಳಗೆ ಕೂರಿಸುವುದು ಬಹಳ ಕಷ್ಟ. ಆದ್ದರಿಂದ ನಾವು ಇಷ್ಟು ದಿನ ಐಯುಕ್ ಬೇಕೇ ಬೇಡವೇ ಎಂದು ಮಾತಾಡಿದೆವಾದರೂ, ತಂಡ ನಿನ್ನೆ ತೀರ್ಮಾನಿಸಿದ್ದು ಡೀಬೋ ಅವರ ವಿಷಯವನ್ನು ಎಂದೇ ನಾನು ಓದಿಕೊಳ್ಳುತ್ತೇನೆ. ಅವರಿಗೆ 28, ಐಯುಕ್‌ಗೆ 26.

ಪ್ರಸನ್ನ, ಸಾಂತಾ ಕ್ಲಾರಾ | 30 ಆಗಸ್ಟ್

ಡೀಬೋ ಬಗ್ಗೆ ಪ್ರತ್ಯೇಕವಾಗಿ ಚರ್ಚಿಸಬೇಕು. 2021ರಲ್ಲಿ 1,405 ಗಜ ಹಿಡಿದು, ಅದರ ಮೇಲೆ ಓಡಿ ಎಂಟು ಟಚ್‌ಡೌನ್ ಹೊಡೆದ ಆಟಗಾರನನ್ನು ಅಷ್ಟು ಸುಲಭವಾಗಿ ಲೆಕ್ಕದಿಂದ ತೆಗೆಯಲು ನನಗೆ ಮನಸ್ಸು ಬರುವುದಿಲ್ಲ. ಅದಕ್ಕೆ ಋತು ಮುಗಿದ ಮೇಲೆ ಬೇರೊಂದು ಎಳೆ ತೆರೆಯುತ್ತೇನೆ, ಭಟ್ಟರು ಆಗಲೂ ಗಾರ್ಡ್‌ಗಳ ಪಟ್ಟಿಯೊಂದಿಗೆ ಬರಲಿ, ಅದು ನಮಗೆ ಬೇಕಾದ ವಾದವೇ. ಸೆಪ್ಟೆಂಬರ್ 9ರ ಸೋಮವಾರ ಲೀವೈಸ್ ಮೈದಾನದಲ್ಲಿ ನ್ಯೂಯಾರ್ಕ್ ಜೆಟ್ಸ್ ವಿರುದ್ಧ ಮೊದಲ ಪಂದ್ಯವಿದೆ. ಇಡೀ ಶಿಬಿರದಲ್ಲಿ ಅಭ್ಯಾಸ ಮಾಡದ ಐಯುಕ್ ಅಂದು ಎಷ್ಟು ಆಟಗಳಲ್ಲಿ ಮೈದಾನದಲ್ಲಿರುತ್ತಾರೆ ಎಂಬುದನ್ನು ನೋಡಿಕೊಂಡು ಬಂದು ಇಲ್ಲಿ ಬರೆಯುತ್ತೇನೆ.